ಬೈಯಲು ಕಟ್ಟಿದ ಹಾಡು

ಪ್ರಾಯದಲ್ಲಿ ನನ್ನ ಬಾಯಿ ಎಂದರೆ ಹಿಂದೂಪುರದ ನಮ್ಮ ಬೀದಿಯವರಿಗೆ ಸ್ವಲ್ಪ ಭಯವಿತ್ತು. ನಾನೇನೂ ಜಗಳಗಂಟಿಯಾಗಿರಲಿಲ್ಲ. ಮದುವೆಗಳಲ್ಲಿ ಬೀಗರನ್ನು ಬೈಯುವ ಹಾಡು ಕಟ್ಟುತ್ತಿದ್ದೆ, ಅಷ್ಟೇ. ಎಪ್ಪತ್ತರ ದಶಕದ ಮಾತು ಇದು, ಈಗಿನವರಿಗೆ ಬಿಡಿಸಿ ಹೇಳದಿದ್ದರೆ ತಿಳಿಯುವುದಿಲ್ಲ. ನಮ್ಮ ಒಕ್ಕಲು ಮನೆಗಳ ಮದುವೆಯಲ್ಲಿ ಗಂಡಿನ ಕಡೆಯವರು ಸಾಲಾಗಿ ಊಟಕ್ಕೆ ಕೂರುವ ಹೊತ್ತಿಗೆ ಹೆಣ್ಣಿನ ಕಡೆಯ ಹೆಂಗಸರು ಒಂದು ಪಕ್ಕ ಗುಂಪಾಗಿ ನಿಲ್ಲುತ್ತಿದ್ದರು. ಎಲೆಗೆ ಮುದ್ದೆ ಬಿದ್ದ ಕೂಡಲೇ ಹಾಡು ಶುರು. ಮಾವನ ಹೊಟ್ಟೆ, ಭಾವನ ಮೀಸೆ, ಚಿಕ್ಕಪ್ಪನ ಗೊರಕೆ, ಯಾವುದನ್ನೂ ಬಿಡುತ್ತಿರಲಿಲ್ಲ. ಹಾಡಿಸಿಕೊಂಡವನು ನಗಬೇಕು. ಮುಖ ಗಂಟಿಕ್ಕಿದರೆ ಅವನೂ ಸೋತ, ಅವನ ಕಡೆಯವರೂ ಸೋತರು. ಆಮೇಲೆ ಗಂಡಿನ ಕಡೆಯ ಹೆಂಗಸರು ತಿರುಗಿಸಿ ನಮ್ಮನ್ನು ಬೈದು ಹಾಡುತ್ತಿದ್ದರು, ನಾವು ನಗಬೇಕಿತ್ತು. ಹೀಗೆ ಬೈದಾಡಿಕೊಂಡರೇನೇ ನೆಂಟಸ್ತನ ಗಟ್ಟಿಯಾಗುವುದು ಎಂದು ಎಲ್ಲರೂ ನಂಬಿಕೊಂಡಿದ್ದ ಕಾಲ ಅದು.

ಈ ವಿದ್ಯೆ ನನಗೆ ಬಂದದ್ದು ದೊಡ್ಡಮ್ಮನಿಂದ. ಅಮ್ಮನ ಅಕ್ಕ ಆಕೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದು ಸೇರಿಕೊಂಡಿದ್ದಳು. ಗಂಟಲು ಒಡಕು. ಆದರೆ ಆಕೆ ಎತ್ತಿದ ಹಾಡು ಪಕ್ಕದ ಬೀದಿಗೂ ಕೇಳುತ್ತಿತ್ತು. ಕಲ್ಯಾಣದುರ್ಗದವರೆಗೂ ಆಕೆಯನ್ನು ಮದುವೆಗೆ ಕರೆದುಕೊಂಡು ಹೋಗುತ್ತಿದ್ದರು. ಆಕೆಗೆ ಒಂದಿಷ್ಟು ಕಟ್ಟುನಿಟ್ಟಿತ್ತು. ಕೈಕಾಲು ಊನವಿದ್ದರೆ ಅದನ್ನು ಹಾಡಬಾರದು. ಬಡತನವನ್ನು ಹಾಡಬಾರದು. ಸತ್ತವರ ಸುದ್ದಿ ಎತ್ತಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಇಲ್ಲದ್ದನ್ನು ಸೇರಿಸಬಾರದು.

"ಕಣ್ಣಾಗೆ ಕಂಡಿದ್ದ ಹೇಳು ಕಣಮ್ಮಿ," ಎನ್ನುತ್ತಿದ್ದಳು. "ಕಾಣದ್ದ ಹೇಳಿದ್ರೆ ಅದು ಹಾಡಾಗಕಿಲ್ಲ, ಚಾಡಿ ಆಯ್ತದೆ. ಆಯಪ್ಪನ ಎಲೆ ಪಕ್ಕದಾಗೆ ಕುಂತೋನು ಹೌದು ಅಂತ ತಲೆ ಆಡಿಸ್ಬೇಕು, ಹಂಗೆ ಕಟ್ಟು."

ಹಾಗಾಗಿ ನಮ್ಮ ಕೆಲಸದಲ್ಲಿ ಹಾಡುವುದಕ್ಕಿಂತ ನೋಡುವುದೇ ಹೆಚ್ಚು. ಹೆಣ್ಣು ನೋಡಲು ಬಂದ ಗಂಡಿನವರನ್ನು ಬಾಗಿಲ ಸಂದಿಯಿಂದ ಅಳೆದು ತೂಗಿ ಇಟ್ಟುಕೊಳ್ಳುವುದು, ಯಾರು ಹೇಗೆ ಕೂರುತ್ತಾರೆ, ಯಾರು ಎಷ್ಟು ಸಲ ಸಾರು ಕೇಳುತ್ತಾರೆ ಎಂದು ಗುರುತು ಹಾಕಿಕೊಳ್ಳುವುದು. ಆಮೇಲೆ ಧಾಟಿ ಹುಡುಕುವುದು. ಹೊಸ ಧಾಟಿಯನ್ನು ನಾವು ಯಾವತ್ತೂ ಹುಟ್ಟಿಸಲಿಲ್ಲ. ಬೀಸುವ ಕಲ್ಲಿನ ಹಾಡು, ಉಯ್ಯಾಲೆ ಹಾಡು, ಒನಕೆ ಹಾಡು ಯಾವುದಾದರೊಂದರ ಧಾಟಿಗೆ ಹೊಸ ಮಾತು ತುಂಬಿಸುವುದು. ಮಾತು ತುಂಬಿಸುವ ಜಾಗವೆಂದರೆ ನಮ್ಮ ಮನೆಯ ಮುಂದಿನ ಜಗಲಿ. ಶಿವರಾತ್ರಿ ಕಳೆಯಿತೆಂದರೆ ನಮ್ಮ ಬೀದಿಯಲ್ಲಿ ಮನೆಮನೆಗೂ ಹುಣಸೆಹಣ್ಣು ಬಂದು ಬೀಳುತ್ತಿತ್ತು. ಮಂಡಿಯವರು ಮೂಟೆ ಕೊಟ್ಟು ಹೋಗುತ್ತಿದ್ದರು. ಹೆಂಗಸರು ಕಲ್ಲಿನ ಮೇಲೆ ಹಣ್ಣಿಟ್ಟು ಮರದ ಸುತ್ತಿಗೆಯಿಂದ ಬಡಿದು ಬೀಜ ನಾರು ಬೇರೆ ಮಾಡಬೇಕು. ಬೆಳಗಿನಿಂದ ಸಂಜೆಯವರೆಗೆ ಬೀದಿಯೆಲ್ಲ ಟಕ್ ಟಕ್. ಆ ಸದ್ದಿಗೆ ಮಾತು ತಾನಾಗಿ ಸಾಲು ಹಿಡಿಯುತ್ತಿತ್ತು. ಕೈ ನಿಂತರೆ ಹಾಡೂ ನಿಲ್ಲುತ್ತಿತ್ತು. ಬೆರಳೆಲ್ಲ ಹುಳಿಗೆ ಸುಲಿದು ಉರಿಯುತ್ತಿದ್ದರೂ ನನಗೆ ಆ ಕಾಲವೆಂದರೆ ಇಷ್ಟ. ಮದುವೆಗಳು ಮುಂದಿರುತ್ತಿದ್ದವು, ಬೈಯಲು ಜನ ಕಾಯುತ್ತಿದ್ದರು.

ಹೀಗೆ ಊರವರ ಮನೆಯ ಗಂಡುಗಳನ್ನೆಲ್ಲ ನೋಡಿ ನೋಡಿ ಹಾಡಿದ ಮೇಲೆ ನನಗೂ ಒಂದು ಗಂಡು ಗೊತ್ತಾಯಿತು. ಕುಂದುರ್ಪಿ ಕಡೆಯವರು. ತಾಂಬೂಲ ಬದಲಾಯಿಸಿ, ಸೀರೆ ಇಟ್ಟು, ಒಪ್ಪಂದ ಮುಗಿಸಿಕೊಂಡು ಹೋದರು. ಅಷ್ಟರಲ್ಲಿ ಅವರ ಮನೆಯ ಅಜ್ಜ ತೀರಿಕೊಂಡ. ವರ್ಷ ತುಂಬುವವರೆಗೆ ಆ ಮನೆಯಲ್ಲಿ ಶುಭಕಾರ್ಯ ಮಾಡುವ ಹಾಗಿಲ್ಲ. ಮದುವೆ ಮುಂದಕ್ಕೆ ಹೋಯಿತು. ಆದರೆ ಗಂಡು ನಮ್ಮೂರಿಗೆ ಬರುವುದು ನಿಲ್ಲಲಿಲ್ಲ. ಕಾಲಕ್ಕೆ ತಕ್ಕಂತೆ ಹುಣಸೆಹಣ್ಣೋ, ಹೊಂಗೆ ಬೀಜವೋ, ಬೇವಿನ ಬೀಜವೋ ಮೂಟೆ ಕಟ್ಟಿಕೊಂಡು ವಾರಕ್ಕೊಮ್ಮೆ ಹಿಂದೂಪುರದ ಮಂಡಿಗೆ ಬರುತ್ತಿದ್ದ. ಆಗುವ ಅಳಿಯ, ಹೋಟೆಲಿನಲ್ಲಿ ತಿಂದರೆ ನಮ್ಮ ಮರ್ಯಾದೆ ಏನಾಗಬೇಕು ಎಂದು ಅಪ್ಪ ಮಧ್ಯಾಹ್ನದ ಊಟಕ್ಕೆ ಮನೆಗೇ ಕರೆದುಕೊಂಡು ಬರುತ್ತಿದ್ದರು.

ನಾನು ಆತನ ಮುಂದೆ ಹೋಗಿ ನಿಂತದ್ದು ಕಡಿಮೆ. ಬಡಿಸುವುದು ಅಮ್ಮ. ನೀರಿನ ಚೊಂಬನ್ನು ಹೊಸ್ತಿಲ ಮೇಲಿಟ್ಟು "ನೀರು ಇಟ್ಟಿವ್ನಿ" ಎನ್ನುವುದು, ಆತ "ಆಯ್ತು" ಎನ್ನುವುದು, ವರ್ಷವಿಡೀ ನಮ್ಮಿಬ್ಬರ ಮಾತುಕತೆ ಇಷ್ಟೇ. ಉಳಿದ ಹೊತ್ತೆಲ್ಲ ಅಡುಗೆಮನೆಯ ಕದದ ಹಿಂದೆ. ನೋಡುವುದು ನನ್ನ ಕಸುಬೇ ಆಗಿತ್ತಲ್ಲ, ಆ ಕದದಲ್ಲಿ ಸಂದಿಗೂ ಬರವಿರಲಿಲ್ಲ.

ವರ್ಷ ತುಂಬಿತು. ಮದುವೆಯ ದಿನ ಗೊತ್ತು ಮಾಡಲು ಬರುತ್ತಾರೆಂದು ಕಾಯುತ್ತಿದ್ದರೆ ಆ ಊರಿನ ಹಿರಿಯರಿಬ್ಬರು ಬಸ್ಸಿಳಿದು ಬಂದು ಜಗಲಿಯ ಮೇಲೆ ಕೂತರು. ಒಳಗೆ ಬರಲಿಲ್ಲ. ನೀರು ಕೊಟ್ಟರೂ ಕುಡಿಯಲಿಲ್ಲ. ಅಲ್ಲಿಗೇ ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡಳು. ಗಂಡಿನ ಸೋದರಮಾವನ ಮಗಳು ಮದುವೆ ವಯಸ್ಸಿಗೆ ಬಂದಿದ್ದಾಳಂತೆ. ಅವಳಿರುವಾಗ ಹೊರಗಿನ ಹೆಣ್ಣು ತಂದರೆ ತಂಗಿಯ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಆ ಮಾವ ಊಟ ಬಿಟ್ಟು ಕೂತಿದ್ದಾನಂತೆ. ನಮ್ಮಲ್ಲಿ ಸೋದರಮಾವನ ಹಕ್ಕು ಎಂದರೆ ಎದುರು ಮಾತಿಲ್ಲ. ಆತನ ತಾಯಿ ಅಣ್ಣನಿಗೆ ಸೋತಳು. ತಾಂಬೂಲವನ್ನು ಹಿಂದಕ್ಕೆ ತಂದಿದ್ದರು. ಅಮ್ಮ ಪೆಟ್ಟಿಗೆಯಿಂದ ಒಪ್ಪಂದದ ಸೀರೆ ತಂದು ಅವರ ಮುಂದಿಟ್ಟಳು.

"ಸೀರೆ ಇರ್ಲಿ ಬಿಡಮ್ಮ, ಮಗು ಉಟ್ಕಳ್ಳಿ," ಎಂದರು ಹಿರಿಯರು.

"ನನ್ನ ಮಗ್ಳಿಗೆ ಬಟ್ಟೆ ಐತೆ," ಎಂದಳು ಅಮ್ಮ.

ಯಾರ ತಪ್ಪೂ ಇರಲಿಲ್ಲ ಎನ್ನುವುದು ಇವತ್ತು ತಿಳಿಯುತ್ತದೆ. ಅವತ್ತು ತಪ್ಪೆಲ್ಲ ನನ್ನ ಮೈಮೇಲೇ ಬಂದು ಕೂತಿತು. ತಾಂಬೂಲ ತಿರುಗಿ ಬಂದ ಹುಡುಗಿ ಎಂದರೆ ಎಲ್ಲೋ ಏನೋ ಐಬು ಇರಲೇಬೇಕು. ಮಂಡಿಯ ಹತ್ತಿರ ಎಲೆ ಅಡಿಕೆ ಮಾರುವಾಕೆ ನನ್ನನ್ನು ನಿಲ್ಲಿಸಿಕೊಂಡು, "ಏಮ್ಮಾ, ಸಂಬಂಧಂ ತಪ್ಪಿಪೋಯಿಂದಂಟಾ? ಎಂದುಕಂಟಾ?" ಎಂದು ತೆಲುಗಿನಲ್ಲಿ ಗಟ್ಟಿಯಾಗಿ ಕೇಳಿದಳು. ಸಂಬಂಧ ತಪ್ಪಿಹೋಯಿತಂತೆ, ಯಾಕಂತೆ ಎಂದು ಕೇಳುತ್ತಲೇ ಅವಳ ಕಣ್ಣು ನನ್ನ ಕಾಲ ಕಡೆ ಹೋಯಿತು, ಕುಂಟುತ್ತೇನೇನೋ ಎಂದು. ಅವತ್ತಿನಿಂದ ನಾನು ಬೀದಿಯಲ್ಲಿ ಹೆಜ್ಜೆ ಎತ್ತೆತ್ತಿ ಇಟ್ಟು ನಡೆಯತೊಡಗಿದೆ. ಹಾಗೆ ನಡೆದರೆ ನಿಜವಾಗಿ ಕುಂಟುವವಳ ಹಾಗೇ ಕಾಣುತ್ತಿದ್ದೆನೋ ಏನೋ. ಊರಿನ ಬೀಗರನ್ನೆಲ್ಲ ಆಡಿಕೊಂಡ ಬಾಯಿಗೆ ತಕ್ಕದ್ದಾಯಿತು ಎಂದು ಅಂದವರೂ ಇದ್ದರು. ಎದುರಿಗೆ ಅನ್ನಲಿಲ್ಲ, ಕೇಳಿಸುವಷ್ಟು ದೂರದಲ್ಲಿ ಅಂದರು.

ನನಗೆ ಸಿಟ್ಟಿದ್ದದ್ದು ಆತನ ಮೇಲೆ. ಒಂದು ವರ್ಷ ನಮ್ಮ ಮನೆಯಲ್ಲಿ ಉಂಡವನು ಒಂದು ಮಾತು ಹೇಳಿ ಕಳಿಸಲಿಲ್ಲ. ಮಂಡಿಗೆ ಬರುವುದನ್ನೇ ಬಿಟ್ಟ. ಮಾವನ ಮಗಳನ್ನು ಕಟ್ಟಿಕೊಂಡನೆಂಬ ಸುದ್ದಿ ಮಾತ್ರ ಬಂತು.

ಮುಂದಿನ ಹುಣಸೆ ಕಾಲಕ್ಕೆ ನಮ್ಮ ದಾಯಾದಿಗಳ ಮನೆಯ ಹುಡುಗಿಯೊಬ್ಬಳಿಗೆ ಕಲ್ಯಾಣದುರ್ಗದಲ್ಲಿ ಸಂಬಂಧ ಕುದುರಿತು. ಗಂಡು ಯಾರೆಂದು ವಿಚಾರಿಸಿದರೆ ಆತನ ಚಿಕ್ಕಪ್ಪನ ಮಗ! ನಾನು ಹೋಗುವುದಿಲ್ಲ ಎಂದೆ. ಅಮ್ಮನೂ ಬೇಡವೆಂದಳು. ದೊಡ್ಡಮ್ಮ ಮಾತ್ರ ಸುತ್ತಿಗೆ ಕೆಳಗಿಟ್ಟು ಕಣ್ಣರಳಿಸಿದಳು.

"ಸಿಕ್ಕಾಕ್ಕಂಡ್ರು ಕಣೇ! ಗಂಡಿನ ಕಡೇರು ಅಂದ್ಮೇಲೆ ಆಯಪ್ಪ ಪಂಕ್ತಿಗೆ ಕೂರ್ಲೇಬೇಕಲ್ಲ? ಕುಂತೋನ್ನ ಹಾಡೋ ಹಕ್ಕು ನಮ್ದು. ನೀನು ಆಯಪ್ಪಂಗೆ ಅಂತ್ಲೇ ಒಂದು ಕಟ್ಟು. ವರ್ಷದಿಂದ ಜನ ನಿನ್ನ ನೋಡಿ ನಗ್ತಾವ್ರೆ. ಒಂದ್ಸಲ ಆಯಪ್ಪನ್ನ ನೋಡಿ ನಗ್ಲಿ. ನೀನು ಮುಂದೆ ನಿಂತ್ಕಂಡು ಹಾಡ್ಬುಟ್ರೆ ಮುಗೀತು. ಇವ್ಳಿಗೇನೂ ಆಗಿಲ್ಲ ಕಣಪ್ಪ ಅಂತ ಹೋಯ್ತಾರೆ."

ಅದು ನನಗೆ ನಾಟಿತು. ಹೋದ ಮಾನ ಹಾಡಿನಿಂದ ತಿರುಗಿ ಬರುವುದಾದರೆ ಯಾಕಾಗಬಾರದು? ಆತನನ್ನು ನೋಡಿ ಚಪ್ಪರವೆಲ್ಲ ನಗಬೇಕು, ನಾನು ಅದರ ಮಧ್ಯೆ ಆರಾಮಾಗಿ ನಿಂತಿರಬೇಕು. ನನಗೆ ಬೇಕಿದ್ದದ್ದು ಅಷ್ಟೇ. ಅದು ಆಗದೆ ಹೋದರೆ ಇನ್ನು ಹಿಂದೂಪುರದಲ್ಲಿ ತಲೆ ಎತ್ತಿ ಓಡಾಡುವುದು ಹೇಗೆಂದು ನನಗೆ ತಿಳಿದಿರಲಿಲ್ಲ.

ಮೊದಲು ಕಟ್ಟಿದ್ದೆಲ್ಲ ಬೆಂಕಿ. ಅಮ್ಮನ ಸೆರಗು ಹಿಡಿದ ಗಂಡು, ಮಾತಿಗೆ ತಪ್ಪಿದ ಮೂಗ, ಇಂಥವೇ. ಸುತ್ತಿಗೆ ಎಷ್ಟು ಜೋರಾಗಿ ಬಡಿಯುತ್ತಿದ್ದೆನೆಂದರೆ ಹುಣಸೆಬೀಜಗಳೇ ಒಡೆದು ಪುಡಿಯಾಗುತ್ತಿದ್ದವು. ದೊಡ್ಡಮ್ಮ ಕೇಳಿ ತಲೆಯಾಡಿಸಿದಳು.

"ಇದು ಬೈಗುಳ ಕಣಮ್ಮಿ, ಹಾಡಲ್ಲ. ಇದ ಕೇಳಿದ್ರೆ ಆಯಪ್ಪನ ಮ್ಯಾಲೆ ಜನಕ್ಕೆ ಅಯ್ಯೋ ಅನ್ನಿಸ್ತದೆ, ನಗು ಬರಕಿಲ್ಲ. ಆಯಪ್ಪ ಹೆಂಗವ್ನೆ, ಹೆಂಗೆ ನಡೀತಾನೆ, ಹೆಂಗೆ ತಿಂತಾನೆ? ಅದ ಹೇಳು. ನೋಡಿಲ್ವಾ ನೀನು?"

ನೋಡಿರಲಿಲ್ಲವೇ! ಅವತ್ತು ಶುರುವಾದದ್ದು ಸಲೀಸಾಗಿ ಬಂದುಬಿಟ್ಟಿತು. ನಾನು ಅಷ್ಟು ಬೇಗ ಯಾವ ಹಾಡನ್ನೂ ಕಟ್ಟಿದವಳಲ್ಲ. ಬೇರೆಯವರ ಮನೆಯ ಗಂಡಿಗಾದರೆ ಒಂದೊಂದು ವಿವರಕ್ಕೂ ಅವರಿವರನ್ನು ಕೇಳಿ ತಿಳಿದುಕೊಳ್ಳಬೇಕಿತ್ತು. ಇಲ್ಲಿ ಯಾರನ್ನೂ ಕೇಳುವ ಅಗತ್ಯವಿರಲಿಲ್ಲ. ತೊಂದರೆ ಕೊಟ್ಟದ್ದು ಧಾಟಿ ಮಾತ್ರ. ಬೈಯುವ ಹಾಡಿಗೆ ಒನಕೆ ಹಾಡಿನ ಧಾಟಿ ಒಳ್ಳೆಯದು. ಚುರುಕಾಗಿ ಓಡುತ್ತದೆ, ನಗು ಆರುವ ಮೊದಲೇ ಮುಂದಿನ ನುಡಿ ಬರುತ್ತದೆ. ನನ್ನ ಮಾತುಗಳು ಅದರಲ್ಲಿ ಕೂರಲಿಲ್ಲ, ಪ್ರತಿ ಸಾಲಿನ ಕೊನೆಗೂ ಉಸಿರು ಉಳಿದುಹೋಗುತ್ತಿತ್ತು. ಬೀಸುವ ಹಾಡಿನದು ಪ್ರಯತ್ನಿಸಿದೆ, ಅದೂ ಆಗಲಿಲ್ಲ. ಕೊನೆಗೆ ಉಯ್ಯಾಲೆ ಹಾಡಿನ ಧಾಟಿಗೆ ತಂದಾಗ ಒಂದೂ ಅಕ್ಷರ ಅಲುಗಾಡದಂತೆ ಕೂತವು. ಉಯ್ಯಾಲೆ ಧಾಟಿಯಲ್ಲಿ ಬೀಗರನ್ನು ಬೈದವರನ್ನು ನಾನು ಕೇಳಿರಲಿಲ್ಲ. ಆಗಲೇ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ಏನೋ ಹೊಸದು ಮಾಡಿದೆನೆಂದು ಬೀಗಿದೆ. ಕೈ ಎಷ್ಟು ನಿಧಾನವಾಯಿತೆಂದರೆ ಎದುರು ಮನೆಯಾಕೆ, "ಏನಮ್ಮಿ, ನಿದ್ದೆ ಮಾಡ್ತಾ ಬಡೀತಿದ್ದೀಯ?" ಎಂದು ಕೂಗಿ ಕೇಳಿದಳು.

ಹಾಡು ಮುಗಿದ ದಿನ ದೊಡ್ಡಮ್ಮನಿಗೆ ಪೂರ್ತಿ ಹೇಳಿದೆ. ಮೊದಮೊದಲು ಬಾಯಿತುಂಬ ನಕ್ಕಳು. ಬರಬರುತ್ತ ನಗು ಸಣ್ಣದಾಯಿತು. ಕೊನೆಯ ನುಡಿಗೆ ಸುತ್ತಿಗೆ ಹಿಡಿದ ಕೈ ಹಾಗೇ ನಿಂತಿತು.

"ಕೊನೇದು ಬ್ಯಾಡ. ಬಿಟ್ಬುಡು."

"ಯಾಕೆ? ಚೆನ್ನಾಗಿಲ್ವಾ?"

"ಚೆನ್ನಾಗೈತೆ ಕಣೇ. ಬ್ಯಾಡ."

ಇಷ್ಟು ಹೇಳಿ ಮೂಟೆಯಿಂದ ಇನ್ನಷ್ಟು ಹಣ್ಣು ಸುರಿದುಕೊಂಡಳು. ನನಗೆ ರೇಗಿತು. ಇಡೀ ಹಾಡಿನಲ್ಲಿ ನನಗೆ ಹೆಮ್ಮೆಯಿದ್ದದ್ದು ಆ ನುಡಿಯ ಮೇಲೆಯೇ. ಮುದುಕಿಗೆ ಹೊಟ್ಟೆಕಿಚ್ಚು ಎಂದುಕೊಂಡೆ.

ಮದುವೆಗೆ ಹೆಣ್ಣಿನ ಕಡೆಯವರೆಲ್ಲ ಲಾರಿಯಲ್ಲಿ ಹೋದೆವು. ಮಡಕಶಿರಾ ದಾಟಿದ ಮೇಲೆ ದಾರಿಯುದ್ದಕ್ಕೂ ಧೂಳು. ಲಾರಿಯಲ್ಲಿ ಹೆಂಗಸರಿಗೆಲ್ಲ ನನ್ನ ಹಾಡಿನ ಪಲ್ಲವಿ ಕಲಿಸಿದೆ. ಒಬ್ಬರು ನುಡಿ ಹೇಳಿದರೆ ಉಳಿದವರು ಪಲ್ಲವಿ ಎತ್ತಿಕೊಳ್ಳುವುದು ನಮ್ಮ ಕ್ರಮ. "ನಗಿರವ್ವ ನಗಿರೇ, ಬೀಗರ ಮಗನ ನೋಡಿ ನಗಿರೇ" ಎಂದು ಲಾರಿಯಲ್ಲೇ ನಕ್ಕು ನಕ್ಕು ಹಾಡಿದರು. ನುಡಿಗಳನ್ನು ನಾನು ಬಿಟ್ಟುಕೊಡಲಿಲ್ಲ. ಅಲ್ಲಿಯೇ ಕೇಳಲಿ ಎಂದೆ.

ಕಲ್ಯಾಣದುರ್ಗದಲ್ಲಿ ಧಾರೆ ಮುಗಿದು ಚಪ್ಪರದಲ್ಲಿ ಪಂಕ್ತಿ ಕೂತಿತು. ಆತ ನಡುವೆ ಎಲ್ಲೋ ಕೂತಿದ್ದ, ಬಿಳಿ ಅಂಗಿ ಹಾಕಿಕೊಂಡು. ಮೈ ಸ್ವಲ್ಪ ಇಳಿದಿತ್ತು. ಗಂಡಿನ ಕಡೆಯ ಹೆಂಗಸರು ಎದುರು ಬದಿಯಲ್ಲಿ ನಿಂತಿದ್ದರು. ಆತನ ತಾಯಿ ಇದ್ದಳು. ಪಕ್ಕದಲ್ಲಿ ಹೊಸ ಬಳೆ ತುಂಬಿಕೊಂಡ ಎಳೆಯ ಹುಡುಗಿಯೊಬ್ಬಳು. ಯಾರೂ ತೋರಿಸಿ ಹೇಳದಿದ್ದರೂ ಅವಳೇ ಎಂದು ಗೊತ್ತಾಯಿತು. ನೋಡಲು ಲಕ್ಷಣವಾಗಿದ್ದಳು. ಅದಕ್ಕೂ ನನಗೆ ಸಿಟ್ಟು ಬಂತು.

ದೊಡ್ಡಮ್ಮ ಮೊದಲು ಮಾವನನ್ನು, ಭಾವಂದಿರನ್ನು ಎರಡೆರಡು ನುಡಿಯಲ್ಲಿ ಮುಗಿಸಿ ಚಪ್ಪರವನ್ನು ಹದಕ್ಕೆ ತಂದಳು. ಆಮೇಲೆ ನನ್ನನ್ನು ಮುಂದೆ ತಳ್ಳಿದಳು. ಅವಳು ಇವಳೇ ಎಂದು ಗಂಡಿನವರ ಸಾಲಿನಲ್ಲಿ ಪಿಸುಮಾತು ಹರಿಯಿತು. ನಾನು ಗಂಟಲು ಸರಿಮಾಡಿಕೊಂಡೆ.

"ಎಡಗಾಲ ಚಪ್ಪಲಿ ನೆಲಕೆ ಎಳೆಯುತಾನೆ
ಮನೆ ತಲುಪೋ ಮುಂಚೇನೆ ಸುದ್ದಿ ಕೊಡುತಾನೆ"

ಗೊಳ್ಳೆಂದು ನಕ್ಕರು. ಪಲ್ಲವಿ ಜೋರಾಗಿ ಎದ್ದಿತು. ಆತನ ಪಕ್ಕ ಕೂತವನು ಹೌದು ಹೌದು ಎಂದು ತಲೆಯಾಡಿಸಿದ. ನನಗೆ ಧೈರ್ಯ ಬಂತು.

"ಮುದ್ದೆಗೂ ಮೊದಲೇ ಉಪ್ಪಿನಕಾಯಿ ಚೀಪುತಾನೆ
ವಾಟೇನ ಎಲೆಯಡಿಗೆ ಬಚ್ಚಿಡುತಾನೆ"

ಪಕ್ಕದವನು ಸುಮ್ಮನಿರದೆ ಆತನ ಎಲೆಯ ಅಂಚು ಎತ್ತಿ ನೋಡಿದ. ಅಲ್ಲಿತ್ತು ಮಾವಿನ ವಾಟೆ! ಚೀಪಿ ಚೊಕ್ಕಟ ಮಾಡಿ, ಆಗ ತಾನೇ ಬಚ್ಚಿಟ್ಟದ್ದು. ಚಪ್ಪರ ಹಾರಿಹೋಗುವಂತೆ ನಗು. ಬಡಿಸುವವರು ಬಕೆಟ್ಟು ಕೆಳಗಿಟ್ಟು ನಕ್ಕರು. ಆತನ ಕಿವಿ ಕೆಂಪಾಯಿತು, ತಲೆ ಎತ್ತಲಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಗೆದ್ದೇ ಬಿಟ್ಟಿದ್ದೆ.

"ಮಾತೆಲ್ಲ ಕನ್ನಡ, ಲೆಕ್ಕ ಮಾತ್ರ ತೆಲುಗು
ಪದಿ ದಾಟಿ ಮರೆತೋಗಿ ಮತ್ತೆ ಒಕಟಿ ಅಂತಾನೆ"

ನಗು ಬಂತು, ಆದರೆ ಮೊದಲಿನಷ್ಟು ಬರಲಿಲ್ಲ. ಆತ ಹತ್ತಾದ ಮೇಲೆ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಎಣಿಸುವುದು ತುಟಿ ನೋಡಿದವರಿಗಲ್ಲದೆ ಬೇರೆಯವರಿಗೆ ತಿಳಿಯುವುದು ಹೇಗೆ? ನನಗದು ಹೊಳೆಯಲಿಲ್ಲ. ನನ್ನ ಗಮನವೆಲ್ಲ ಧಾಟಿಯ ಮೇಲಿತ್ತು.

"ನೀರ ಕುಡಿಯೋವಾಗ ಕಣ್ಣು ಮುಚ್ಚುತಾನೆ
ಕೊರಳಿನ ಗಂಟೊಂದು ಏರಿ ಇಳಿಯೋ ತನಕ
ಲೋಕಾನೆ ಮರೆಯುತಾನೆ"

ಪಲ್ಲವಿ ಅರ್ಧಕ್ಕರ್ಧ ಇಳಿಯಿತು. ನನ್ನ ಹಿಂದೆ ನಿಂತಿದ್ದ ಹೆಂಗಸರಲ್ಲಿ ಕೆಲವರು ನಗಿರವ್ವ ಎಂದು ಶುರುಮಾಡಿ ನಗಿರೇ ಎನ್ನುವಷ್ಟರಲ್ಲಿ ಸುಮ್ಮನಾದರು. ಯಾರೋ ನನ್ನ ಸೆರಗು ಜಗ್ಗಿದರು. ದೊಡ್ಡಮ್ಮನೇ ಇರಬೇಕು. ನಾನು ಕೊಡವಿಕೊಂಡೆ. ನನಗೆ ಹೆಮ್ಮೆಯಿದ್ದ ನುಡಿ ಇನ್ನೂ ಬಾಕಿ ಇತ್ತು. ಶಿಸ್ತಿಲ್ಲದ ಮನುಷ್ಯ ಎಂದು ಆಡಿಕೊಳ್ಳಲು ಕಟ್ಟಿದ್ದು ಅದು. ಹಾಗೆಂದೇ ನಾನು ನಂಬಿದ್ದೆ.

"ಬೆನ್ನಿನ ಮೇಗಡೆ ಕಾಲರು ಮಡಿಚೈತೆ
ಸರಿಮಾಡೋ ಕೈಯೊಂದು ಇಲ್ಲದೆ ಹೋಯ್ತೆ"

ಪಲ್ಲವಿಗಾಗಿ ಕಾದೆ. ಯಾರೂ ಎತ್ತಿಕೊಳ್ಳಲಿಲ್ಲ. ಬೇರೆ ದಾರಿಯಿಲ್ಲದೆ ನಾನೊಬ್ಬಳೇ ಹಾಡಿದೆ. ನಗಿರವ್ವ ನಗಿರೇ. ಆ ಒಂಟಿ ದನಿ ನನ್ನ ಕಿವಿಗೇ ಬಿದ್ದಾಗ ಅದು ಯಾವ ಹಾಡೆಂದು ನನಗೆ ಗೊತ್ತಾಯಿತು. ಅಲ್ಲಿದ್ದ ಎಲ್ಲರಿಗೂ ನನಗಿಂತ ಮೊದಲೇ ಗೊತ್ತಾಗಿತ್ತು. ಮುದ್ದೆ ಮುರಿಯುವ ಕೈಗಳು ನಿಂತಿದ್ದವು. ಗಂಡಸರು ಎಲೆ ನೋಡುತ್ತಿದ್ದರು. ಹೆಂಗಸರು ನನ್ನನ್ನು ನೋಡುತ್ತಿದ್ದರು. ಆತ ತಲೆ ತಗ್ಗಿಸಿ ಎಲೆಯ ಮೇಲೆ ಬೆರಳಿನಿಂದ ಏನೋ ಗೀಚುತ್ತಿದ್ದ. ನಗಲೇ ಇಲ್ಲ. ನಗದಿದ್ದರೆ ಸೋತ ಹಾಗೆ ಎನ್ನುವುದು ಆಗ ಯಾರ ನೆನಪಿಗೂ ಬಂದಂತಿರಲಿಲ್ಲ.

ಎದುರಿನ ಸಾಲಿನಿಂದ ಆತನ ತಾಯಿ ಮಾತಾಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಜ್ವರ ಬಂದ ಮಗುವನ್ನು ಮಾತಾಡಿಸುವ ದನಿ ಅದು.

"ಸಾಕು ಬಿಡಮ್ಮಿ. ಹೆತ್ತೋಳು ನಾನು, ನಾನೇ ಇಷ್ಟು ನೋಡಿಲ್ಲ."

ಮೈಮೇಲೆ ಸೀರೆ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುವಂತಾಯಿತು ನನಗೆ. ತಾಂಬೂಲ ತಿರುಗಿ ಬಂದಾಗ ಊರವರು ಏನಾದರೂ ಊಹಿಸಿಕೊಳ್ಳಬಹುದಿತ್ತು, ಅಷ್ಟೇ. ಈಗ ನಾನೇ ಎದ್ದು ನಿಂತು, ರಾಗವಾಗಿ, ಪ್ರಾಸ ಕೂಡಿಸಿ ಸಾರಿದ್ದೆ. ಬೇಡವೆಂದವನನ್ನು ಇವಳು ಒಂದು ವರ್ಷ ಬಾಗಿಲ ಸಂದಿಯಿಂದ ನುಂಗುವಂತೆ ನೋಡಿದ್ದಾಳೆ, ಇನ್ನೂ ಮರೆತಿಲ್ಲ, ಅವನ ಕಾಲರಿನ ಮಡಿಕೆ ಕೂಡ ಮರೆತಿಲ್ಲ. ನಮ್ಮ ಕಾಲದ ಹೆಣ್ಣಿಗೆ ಇದಕ್ಕಿಂತ ಹೆಚ್ಚಿನ ನಾಚಿಕೆ ಇರಲಿಲ್ಲ. ಆತನ ಮರ್ಯಾದೆ ತೆಗೆಯಲು ಹೋಗಿ ನನ್ನ ಬಚ್ಚಲಿನ ಪರದೆಯನ್ನೇ ಸರಿಸಿದ್ದೆ.

ಕ್ರಮದ ಪ್ರಕಾರ ಗಂಡಿನ ಕಡೆಯವರು ಉತ್ತರವಾಗಿ ನನ್ನನ್ನು ಬೈದು ಹಾಡಬೇಕಿತ್ತು. ನಾನು ಅದಕ್ಕಾಗಿ ಆಸೆಪಟ್ಟು ನಿಂತಿದ್ದೆ. ನನ್ನ ಮೂಗನ್ನೋ ಹಲ್ಲನ್ನೋ ಯಾರಾದರೂ ಎರಡು ಮಾತು ಆಡಿಕೊಂಡಿದ್ದರೆ ಅದೊಂದು ಬೀಗರ ಹಾಡಾಗಿಯೇ ಉಳಿಯುತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ದೊಡ್ಡಮ್ಮ ನನ್ನನ್ನು ಹಿಂದಕ್ಕೆಳೆದು, ಒನಕೆ ಧಾಟಿಯಲ್ಲಿ, ಎಂದಿಗಿಂತ ಇಮ್ಮಡಿ ಚುರುಕಾಗಿ, ಯಾವುದೋ ಚಿಕ್ಕಪ್ಪನ ಗೊರಕೆಯನ್ನು ಹಾಡತೊಡಗಿದಳು. ಜನ ಉಪಕಾರ ಮಾಡುವವರ ಹಾಗೆ ನಕ್ಕರು.

ಆಮೇಲೆ ನಾನು ಬೀಗರ ಹಾಡು ಕಟ್ಟಲಿಲ್ಲ. ನನ್ನ ಮದುವೆಯೂ ಆಯಿತು, ಸೆಟ್ಟೂರು ಕಡೆಗೆ. ಒಳ್ಳೆಯ ಮನುಷ್ಯ ಸಿಕ್ಕಿದರು. ಎಂಬತ್ತರ ಹೊತ್ತಿಗೆ ಮದುವೆ ಚಪ್ಪರಗಳಿಗೆ ಮೈಕ್ ಸೆಟ್ಟು ಬಂದು ಸಿನಿಮಾ ಹಾಡು ಹಾಕತೊಡಗಿದರು, ಬೈಯುವವರೂ ಬೈಸಿಕೊಳ್ಳುವವರೂ ಇಲ್ಲವಾದರು. ಎಲ್ಲರೂ ಅಯ್ಯೋ ಪಾಪ, ಆ ಹಾಡುಗಳೆಲ್ಲ ಹೋದವಲ್ಲ ಎಂದರೆ ನಾನೂ ಹೂಂಗುಟ್ಟುತ್ತೇನೆ. ಒಳಗೊಳಗೇ ಸದ್ಯ ಹೋದವಲ್ಲ ಎನಿಸುತ್ತದೆ. ಆದರೆ ಅವತ್ತಿನ ಮದುವೆಯಲ್ಲಿ ನಡೆದದ್ದು ಅಷ್ಟೇ ಆಗಿದ್ದರೆ ನಾನು ಇದನ್ನು ಬರೆಯಲು ಕೂರುತ್ತಿರಲಿಲ್ಲ.

ಪಂಕ್ತಿ ಎದ್ದ ಮೇಲೆ ಹೆಂಗಸರ ಊಟ. ಬೇಗ ಎದ್ದು ಮನೆಯ ಹಿಂದೆ ನೀರಿನ ಡ್ರಮ್ಮಿನ ಹತ್ತಿರ ಹೋದೆ. ಕೈಗೆ ನೀರು ಹಾಕಿಕೊಳ್ಳಲು ಚೊಂಬು ಹುಡುಕುತ್ತಿದ್ದರೆ ಹಿಂದಿ‌ನಿಂದ ಬಳೆ ಸದ್ದಾಯಿತು.

"ನಾನು ಹಾಕ್ತೀನಿ ಬಿಡಿ ಅಕ್ಕ."

ಆತನ ಹೆಂಡತಿ. ಚೊಂಬು ತುಂಬಿಕೊಂಡು ನಿಂತಿದ್ದಳು. ಇವಳು ಬೈಯುವುದು ಬಾಕಿ ಇತ್ತು, ಬೈಯಲಿ ಎಂದು ಕೈ ಒಡ್ಡಿದೆ. ಅವಳು ಸಣ್ಣಗೆ ನೀರು ಹಾಕಿದಳು. ಬೈಯಲಿಲ್ಲ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ದನಿ ತಗ್ಗಿಸಿದಳು.

"ಆ ಉಪ್ಪಿನಕಾಯಿ ಯಾವ್ದಕ್ಕ? ನಮ್ಮನೇಲಿ ನಾನು ಹಾಕಿರೋದ ಅವ್ರು ಮುಟ್ಟದೇ ಇಲ್ಲ."

ನಾನು ಅವಳ ಮುಖ ನೋಡಿದೆ. ಗೇಲಿ ಮಾಡುತ್ತಿದ್ದಾಳೇನೋ ಎಂದು ಹುಡುಕಿದೆ. ಇರಲಿಲ್ಲ. ಅವಳಿಗೆ ಉತ್ತರ ಬೇಕಿತ್ತು.

"ಸಾಸಿವೆ ಹಾಕಬ್ಯಾಡ ಕಣಮ್ಮ," ಎಂದೆ. "ನಮ್ಮಮ್ಮ ಮೆಂತ್ಯ ಹುರಿದು ಪುಡಿ ಮಾಡಿ ಹಾಕ್ತಾಳೆ. ಹೋಳು ದಪ್ಪಕ್ಕಿರ್ಲಿ, ವಾಟೆ ಸಮೇತ."

"ಮೆಂತ್ಯ," ಎಂದು ಅವಳು ತನಗೇ ಹೇಳಿಕೊಂಡಳು. "ನನ್ನತ್ರ ಒಂದು ಮಾತಾಡಕಿಲ್ಲ ಅಕ್ಕ ಅವ್ರು. ಉಣ್ಣು ಅಂದ್ರೆ ಉಣ್ತಾರೆ, ಹೋಗ್ತಾರೆ. ನಮ್ಮಪ್ಪ ಹಠ ಮಾಡಿ ಕೊಟ್ರು, ನಂಗೇನೂ ಗೊತ್ತಿಲ್ಲ. ಇವತ್ತು ನೀವು ಹಾಡಿದ್ರಲ್ಲ, ಅದ್ರಾಗೆ ಇರೋದು ಒಂದೂ ನಂಗೆ ಗೊತ್ತಿರ್ನಿಲ್ಲ. ಇನ್ನೊಂದ್ಸಲ ಹೇಳ್ತೀರಾ?"

ಡ್ರಮ್ಮಿನ ಪಕ್ಕ ನಿಂತು, ರಾಗವಿಲ್ಲದೆ, ಬರೀ ಮಾತಾಗಿ, ಒಂದೊಂದೇ ನುಡಿ ಹೇಳಿದೆ. ಅವಳು ತುಟಿಯಲ್ಲೇ ಹೇಳಿಕೊಳ್ಳುತ್ತ ಹೋದಳು. ಚಪ್ಪರದ ನಡುವೆ ನಿಂತಾಗ ಆದದ್ದಕ್ಕಿಂತ ಹೆಚ್ಚಿನ ನಾಚಿಕೆ ನನಗೆ ಆಗ ಆಯಿತು. ನನ್ನ ಮಾನದ ಲೆಕ್ಕ ಹಾಕುತ್ತ ಹಾಡು ಕಟ್ಟುವಾಗ, ಅದೇ ಮನುಷ್ಯನ ಮನೆಯಲ್ಲಿ ಕೂತು ಅವನಿಗೆ ಏನು ಬೇಕೆಂದು ತಿಳಿಯದೆ ಒದ್ದಾಡುವ ಒಬ್ಬಳಿದ್ದಾಳೆಂದು ನಾನು ಒಂದು ಸಲವೂ ಯೋಚಿಸಿರಲಿಲ್ಲ.

ಒಳಗಿನಿಂದ ಯಾರೋ ಅವಳನ್ನು ಕರೆದರು. ಬತ್ತೀನಿ ಎಂದು ಕೂಗಿ ಹೇಳಿ ಅವಳು ಇನ್ನೂ ನಿಂತಳು. ಚೊಂಬಿನ ಕಂಠವನ್ನು ಉಜ್ಜುತ್ತಿದ್ದಳು.

"ಎಲ್ರೂ ಅಷ್ಟು ನಕ್ಕಾಗ್ಲೂ ಅವ್ರು ನಗ್ನಿಲ್ಲ. ನೋಡಿದ್ರಾ? ನಿಮ್ಮನೇಗೆ ಬತ್ತಿದ್ರಲ್ಲ ಅಕ್ಕ, ಅಲ್ಲಾದ್ರೂ ಯಾವತ್ತಾದ್ರೂ ನಗ್ತಿದ್ರಾ?"

"ಇಲ್ಲ ಕಣಮ್ಮ," ಎಂದೆ. "ಅದು ಆಯಪ್ಪನ ಸ್ವಭಾವ. ನೀನು ಮನಸ್ಸಿಗೆ ಹಚ್ಕಬ್ಯಾಡ."

ಅವಳ ಮುಖ ಹಗುರಾಯಿತು. ಹೌದೇನಕ್ಕ ಎಂದು ನನ್ನ ಕೈ ಹಿಡಿದು ಒತ್ತಿ ಒಳಗೆ ಓಡಿದಳು. ಅವಳಿಗೆ ನೋವಾಗದಿರಲೆಂದು ಹಾಗಂದೆನೋ, ನನ್ನದೆಂದು ಒಂದಾದರೂ ಉಳಿಯಲೆಂದು ಅಂದೆನೋ, ಇವತ್ತಿಗೂ ನನಗೆ ತಿಳಿಯದು. ಆ ವರ್ಷ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಅಪ್ಪ ಮಂಡಿಯ ಸುದ್ದಿ ಹೇಳುತ್ತಿದ್ದರೆ ಆತ ತುತ್ತು ಕೈಯಲ್ಲೇ ಹಿಡಿದು, ಎಡಗೈಯನ್ನು ಬಾಯಿಗೆ ಅಡ್ಡ ಇಟ್ಟುಕೊಂಡು, ಭುಜ ಕುಣಿಸುತ್ತ ನಗುತ್ತಿದ್ದ. ಕದದ ಹಿಂದೆ ನನಗೂ ನಗು ಬರುತ್ತಿತ್ತು. ಅದನ್ನು ಹಾಡಿಗೆ ಹಾಕಬೇಕೆಂದು ಎಷ್ಟೋ ದಿನ ಹುಣಸೆ ಬಡಿಯುತ್ತ ಯೋಚಿಸಿದ್ದೆ. ಆಡಿಕೊಳ್ಳಲು ಅದರಲ್ಲಿ ಏನೂ ಸಿಕ್ಕಿರಲಿಲ್ಲ.